ಹೊಂಗೆ ಮರ ಹೊರಟ ವರ್ಷ

ಮೊದಲೇ ಹೇಳಿಬಿಡುತ್ತೇನೆ, ಆ ಹೊಂಗೆ ಮರಕ್ಕೆ ನಾನು ಒಂದು ಚೊಂಬು ನೀರು ಹಾಕಿದವಳಲ್ಲ. ಪ್ರೀತಿಯಿಂದ ಒಂದು ಮಾತಾಡಿದವಳೂ ಅಲ್ಲ. ಯಾವ ದೇವಸ್ಥಾನಕ್ಕೆ ಬೇಕಾದರೂ ಬಂದು ಪ್ರಮಾಣ ಮಾಡುತ್ತೇನೆ. ಆದರೂ ಇವತ್ತಿಗೂ ನಮ್ಮೂರ ಜನ ನನ್ನ ಹೊಲಿಗೆ ಅಂಗಡಿಯ ಮುಂದೆ ಹಾದುಹೋಗುವಾಗ, "ಏನ್ ಸುಗುಣಕ್ಕ, ಇವತ್ತು ಯಾವ್ ಮರ ಬರ್ತಾ ಇದೆ?" ಎಂದು ಹಲ್ಲು ಕಿರಿದುಕೊಂಡು ಹೋಗುತ್ತಾರೆ. ಕಿರಿಯಲಿ ಬಿಡಿ. ಹಬ್ಬದ ಹೊತ್ತಿಗೆ ಅವರ ಬ್ಲೌಸುಗಳೆಲ್ಲ ನನ್ನ ಹತ್ತಿರವೇ ತಾನೇ ಬರಬೇಕು.

ನಮ್ಮೂರಲ್ಲಿ ಗಿಡಮರಗಳು ತಮ್ಮನ್ನು ನೋಡಿಕೊಂಡವರ ಹಿಂದೆ ಹೋಗುತ್ತವೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಬೇರೆ ಊರುಗಳಲ್ಲಿ ನೆಟ್ಟಲ್ಲೇ ನಿಂತಿರುತ್ತವಂತೆ, ಪಾಪ. ಇಲ್ಲಿ ಹೋಗುವುದನ್ನು ಕಣ್ಣಾರೆ ಕಂಡವರಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನಿನ್ನೆಗಿಂತ ಒಂದಿಷ್ಟು ಆಚೆ ಇರುತ್ತವೆ, ಹಿಂದಿನ ಮಣ್ಣು ಹೊಸದಾಗಿ ಅಗೆದ ಹಾಗೆ ಮೆತ್ತಗಿರುತ್ತದೆ, ಅಷ್ಟೆ. ಬಾಡಿಗೆಯವರು ಮನೆ ಬಿಟ್ಟರೆ ಸ್ವಲ್ಪ ದಿನಕ್ಕೆ ಹಿತ್ತಲಿನ ಕರಿಬೇವೂ ಗೇಟು ದಾಟಿ ಹೊರಡುತ್ತದೆ, ಓನರು ಬಾಗಿಲಲ್ಲಿ ನಿಂತು ಕೂಗಾಡುತ್ತಾನೆ. ಮದುವೆಯಾಗಿ ಬಂದ ಹುಡುಗಿಯ ಹಿಂದೆ ಒಂದು ದಾಸವಾಳವಾದರೂ ಬರದಿದ್ದರೆ ಅತ್ತೆ ಸುಮ್ಮನಿರುತ್ತಾಳೆಯೇ? "ಏನಮ್ಮ, ತವರಲ್ಲಿ ಒಂದ್ ಗಿಡಕ್ಕೂ ನೀರ್ ಹಾಕಿಲ್ವಾ?" ಎಂದು ಕೇಳಿಯೇ ಕೇಳುತ್ತಾಳೆ. ಎಣ್ಣೆಗಾಣದ ಬೀದಿಯ ಅಣ್ಣತಮ್ಮಂದಿರು ಭಾಗವಾಗಿ ರಸ್ತೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಮನೆ ಕಟ್ಟಿಕೊಂಡರು. ಅಪ್ಪ ಹಾಕಿದ ತೆಂಗಿನ ಮರವನ್ನು ಇಬ್ಬರೂ ಬಿಡಲಿಲ್ಲ, ಇಬ್ಬರೂ ನೀರು ಹಾಕಿದರು. ಅದು ಬಂದು ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಈಗಲೂ ಅಲ್ಲೇ ಇದೆ. ಬಸ್ಸು ಹಾರನ್ ಹೊಡೆದು ಸುತ್ತು ಹಾಕಿಕೊಂಡು ಹೋಗುತ್ತದೆ.

ಊರ ನಡುವಿನ ಪಾರ್ಕನ್ನು ನೋಡಿಕೊಳ್ಳುವುದು ನಾವೇ, ನಮ್ಮ ಗಿಡದ ಬಳಗ. ಪುರಸಭೆಯವರು ಒಂದು ಬೋರ್ಡು ಬರೆಸಿ ಹಾಕಿ ಕೈ ತೊಳೆದುಕೊಂಡರು. ಬಳಗಕ್ಕೆ ಅಧ್ಯಕ್ಷರು ಚೆನ್ನವೀರಯ್ಯನವರು, ರಿಟೈರಾದ ಪೋಸ್ಟ್ ಮಾಸ್ಟರು. ಇರುವೆ ಕಚ್ಚಿದರೂ "ಸ್ವಲ್ಪ ಆ ಕಡೆ ಹೋಗಪ್ಪ" ಎನ್ನುವ ಸ್ವಭಾವ. ಕಾರ್ಯದರ್ಶಿ ನಾನು. ಪಾರ್ಕಿನ ಗಿಡ ಯಾರ ಹಿಂದೆಯೂ ಹೋಗದ ಹಾಗೆ ನೋಡಿಕೊಳ್ಳುವುದೇ ನಮಗೆ ದೊಡ್ಡ ತಲೆನೋವು. ಅದಕ್ಕಾಗಿ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ಒಬ್ಬರೇ ಒಂದೇ ಗಿಡಕ್ಕೆ ಸಾಲಾಗಿ ಎರಡು ದಿನ ನೀರು ಹಾಕಬಾರದು. ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡಿರಬೇಕು. ಹೂ ಬಿಟ್ಟರೆ ಹೊಗಳಬಾರದು, "ಪರವಾಗಿಲ್ಲ" ಎಂದು ಮುಂದೆ ಹೋಗಬೇಕು. ಇಷ್ಟಾದರೂ ಯಾವುದಾದರೂ ಗಿಡ ಸೆರಗು ಹಿಡಿಯುವ ಲಕ್ಷಣ ಕಂಡರೆ ಚೆನ್ನಾಗಿ ಬೈದುಬಿಡಬೇಕು. ಬೈದವರ ಹತ್ತಿರ ಗಿಡ ಸುಳಿಯುವುದಿಲ್ಲ ಎಂದು ನಮ್ಮಜ್ಜಿಯಿಂದ ಹಿಡಿದು ಎಲ್ಲರೂ ನಂಬಿದ್ದರು.

ನಮಗೆ ತೊಡಕಾಗಿದ್ದು ಪಾರ್ಕಿನ ನಡುವಿನ ಹೊಂಗೆ. ಅದೊಂದೇ ಅಲ್ಲಿ ಮರ ಎನ್ನಿಸಿಕೊಳ್ಳುವಂಥದ್ದು, ಉಳಿದವೆಲ್ಲ ಹೂಗಿಡ. ಅದಕ್ಕೆ ನೀರು ಬೇಡ, ಆದರೆ ಉದುರಿಸುತ್ತದೆ ನೋಡಿ! ಶಿವರಾತ್ರಿ ಹತ್ತಿರ ಬಂದರೆ ಎಲೆ, ಯುಗಾದಿ ಕಳೆದರೆ ಹೂವು, ಆಮೇಲೆ ಕಾಯಿ. ಅದನ್ನು ದಿನಾ ಗುಡಿಸುವುದಕ್ಕೆ ಸರದಿಯಲ್ಲಿ ಬರುತ್ತೇವೆ ಎಂದವರೆಲ್ಲ ಸೊಂಟ ಹಿಡಿದುಕೊಂಡು ತಪ್ಪಿಸಿಕೊಂಡರು. ಕೊನೆಗೆ, ಒಬ್ಬರೇ ಗುಡಿಸಲಿ, ಆದರೆ ಬೈಯುತ್ತಾ ಗುಡಿಸುವವರಾಗಿರಲಿ, ಆಗ ಮರ ಅಂಟಿಕೊಳ್ಳುವುದಿಲ್ಲ ಎಂದು ಸಭೆ ತೀರ್ಮಾನ ಮಾಡಿತು. ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿತು. ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಚೆನ್ನವೀರಯ್ಯನವರು ಹೇಳುವ ಮೊದಲೇ ಎಲ್ಲರ ಕೈ ಮೇಲಿತ್ತು. ನಮ್ಮ ಯಜಮಾನರು ಎರಡು ಕೈ ಎತ್ತಿದ್ದರು.

ನಾನೇನು ಹಿಂದೆ ಬಿದ್ದವಳಲ್ಲ. ಬೆಳಗಾದರೆ ಪೊರಕೆ ಹಿಡಿದು ನಿಂತು, "ನಿನ್ನೆ ಅಷ್ಟ್ ಉದುರಿಸಿದ್ದು ಸಾಲ್ದಾ, ದಂಡಪಿಂಡ! ಒಂದ್ ಎಲೆ ನೆಟ್ಟಗೆ ಹಿಡ್ಕೊಳ್ಳೋ ಯೋಗ್ಯತೆ ಇಲ್ಲ, ಮರ ಅಂತೆ ಮರ!" ಎಂದು ಶುರು ಮಾಡಿದರೆ ಪಾರ್ಕು ಗುಡಿಸಿ ಮುಗಿಯುವ ತನಕ ನಿಲ್ಲಿಸುತ್ತಿರಲಿಲ್ಲ. ಮನೆಯ ಸಿಟ್ಟು, ಗಿರಾಕಿಗಳ ಮೇಲಿನ ಸಿಟ್ಟು, ಮೆಷಿನ್ನಿನ ಮೇಲಿನ ಸಿಟ್ಟು ಎಲ್ಲವನ್ನೂ ಅದರ ಬುಡಕ್ಕೇ ಸುರಿಯುತ್ತಿದ್ದೆ. ಸುರಿದು ಅಂಗಡಿಗೆ ಬಂದು ಕೂತರೆ ಆಹಾ, ಮೈ ಹಗುರ. ದಿನವೆಲ್ಲ ಕಾಲು ಮೆಷಿನ್ನಿನ ಮೇಲೆ, ಕಣ್ಣು ಸೂಜಿಯ ಮೇಲೆ ಇಟ್ಟುಕೊಂಡು ಕೂರುವವಳಿಗೆ ಆ ಹೊತ್ತೊಂದೇ ನನ್ನದು ಎನ್ನುವಂತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು.

ಇಲ್ಲಿ ಪಂಕಜಾಕ್ಷಮ್ಮನ ವಿಷಯ ಹೇಳಬೇಕು. ಹೇಳುವುದಕ್ಕೆ ನನಗೇನೂ ಖುಷಿಯಿಲ್ಲ. ಹಿಟ್ಟಿನ ಗಿರಣಿ ನಡೆಸುವಾಕೆ. ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹೇಗಾಗಿದೆ ಎಂದರೆ, ಆಕೆ ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಹೌದಾ ಎನ್ನುತ್ತಾರೆ. ಮೊದಲು ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ನನ್ನ ತವರಿನಿಂದ ನನ್ನ ಹಿಂದೆ ಬಂದ ದುಂಡುಮಲ್ಲಿಗೆ ನಮ್ಮ ಹಿತ್ತಲಲ್ಲಿತ್ತು. ನಮ್ಮಮ್ಮ ತೀರಿಕೊಂಡ ಮೇಲೆ ತವರು ಎಂದು ಉಳಿದದ್ದು ಅದೊಂದೇ. ದಿನಾ ತಪ್ಪದೆ ನೀರು ಹಾಕಿ ಅಂಗಡಿಗೆ ಓಡುತ್ತಿದ್ದೆ. ಒಂದು ದಿನ ನೋಡುತ್ತೇನೆ, ಮಲ್ಲಿಗೆ ಗೋಡೆಯ ಆ ಕಡೆ ಪಂಕಜಾಕ್ಷಮ್ಮನ ಹಿತ್ತಲಲ್ಲಿ ಆರಾಮಾಗಿ ನಿಂತಿದೆ! ಕೇಳಿದ್ದಕ್ಕೆ ಆಕೆ, "ಬೈದಿದ್ದು ಬಿಟ್ರೆ ನಾನೇನೂ ಮಾಡಿಲ್ಲ ಕಣ್ರೀ. ಗೋಡೆ ಮೇಲೆಲ್ಲ ಹಬ್ಬಿ ನನ್ನ ಸೀರೆ ಒಣಗೋ ಹಗ್ಗಕ್ಕೆ ಸುತ್ಕೊಳ್ತಿತ್ತು, ಅದಕ್ಕೇ ದಿನಾ ಬೈತಿದ್ದೆ" ಎಂದರು. ಬೈದವರ ಹತ್ತಿರ ಗಿಡ ಬರುತ್ತದೆಯೇ? ಯಾರ ಕಿವಿಗೆ ಹೂವಿಡುತ್ತೀರಿ ಎಂದು ನಾನು ಗಿರಣಿಯ ಮುಂದೆ ನಾಲ್ಕು ಜನರ ಎದುರಿಗೆ ಗಿಡಗಳ್ಳಿ ಎಂದುಬಿಟ್ಟೆ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವರು ಆ ತಿಂಗಳೇ ಪಾರ್ಕಿನ ಆ ಕಡೆಗೆ, ಗಿರಣಿಯ ಹಿಂದಿನ ಮನೆಗೆ ಹೋಗಿಬಿಟ್ಟರು. ಹೋಗಲಿ ಎಂದರೆ ಮಲ್ಲಿಗೆಯೂ ಹಿಂದೆಯೇ ಹೊರಟಿತು, ನನ್ನ ಅಂಗಡಿಯ ಮುಂದೆಯೇ ಪಾರ್ಕು ದಾಟಿಕೊಂಡು, ದಾರಿಯುದ್ದಕ್ಕೂ ಹೂ ಬಿಟ್ಟುಕೊಂಡು. ಆ ಬೇಸಿಗೆಯೆಲ್ಲ ನಾನು ಅಂಗಡಿಗೆ ಪರದೆ ಎಳೆದುಕೊಂಡು ಹೊಲಿದೆ. ಅಲ್ಲಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಹೀಗಿರುವಾಗ ಹೋದ ಶಿವರಾತ್ರಿಯ ಮುಂಚೆ ಒಂದು ಬೆಳಗ್ಗೆ ಗುಡಿಸಲು ಹೋದರೆ ಹೊಂಗೆಯ ಪಡುವಣ ಬದಿಯ ಮಣ್ಣು ಮೆತ್ತಗಿತ್ತು. ಮಾರನೆಯ ದಿನ ನೋಡಿದರೆ ಕಲ್ಲಿನ ಬೆಂಚು ಮರದ ನೆರಳಿನಿಂದ ಆಚೆ ಬಿಸಿಲಿಗೆ ಬಿದ್ದಿತ್ತು. ಮರ ಮೂಡಣ ಗೇಟಿನ ಕಡೆಗೆ, ಅಂದರೆ ನಮ್ಮ ಬೀದಿಯ ಕಡೆಗೆ ಹೊರಟಿತ್ತು. ದೊಡ್ಡ ಮರಗಳು ಮನಸ್ಸು ಮಾಡುವುದಕ್ಕೆ ವರ್ಷಗಟ್ಟಲೆ ಬೇಕು, ಒಮ್ಮೆ ಬೇರು ಸಡಿಲಾದರೆ ಮಾತ್ರ ಸಣ್ಣ ಗಿಡಗಳಿಗಿಂತ ಜೋರು. ನಾವು ಹೆದರಿದ್ದು ಸುಮ್ಮನೆ ಅಲ್ಲ. ಪುರಸಭೆಯ ಕಾನೂನಿನ ಪ್ರಕಾರ ಒಳಗೆ ಮರ ಇರುವ ತನಕ ಮಾತ್ರ ಅದು ಪಾರ್ಕು. ಮರ ಬೇಲಿ ದಾಟಿತೋ, ಜಾಗ ಪುರಸಭೆಯ ಪಾಲು. ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಅವರು ಬಹಳ ದಿನದಿಂದ ಬಾಯಿ ಚಪ್ಪರಿಸುತ್ತಿದ್ದರು. ಯುಗಾದಿ ಕಳೆದ ಮೇಲೆ ಬಂದು ಅಳೆಯುತ್ತೇವೆ ಎಂದು ಹೇಳಿ ಕಳಿಸಿದರು.

ಕಾರ್ಯದರ್ಶಿಯಾಗಿ ನಾನು ಸುಮ್ಮನೆ ಕೂರಲಾಗುತ್ತದೆಯೇ? ನಮ್ಮ ಬೀದಿಯಲ್ಲಿ ಯಾರೋ ಕದ್ದು ಮರವನ್ನು ಮುದ್ದು ಮಾಡಿದ್ದಾರೆ, ಹಿಡಿಯಲೇಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೆ. ಮೊದಲು ಹೊಸದಾಗಿ ಮದುವೆಯಾದ ಮೂಲೆಮನೆಯ ಜೋಡಿ. ದಿನಾ ಸಂಜೆ ಮರದ ಕೆಳಗೆ ಕೂರುತ್ತಿದ್ದರು. "ಆಂಟಿ, ನಾವ್ ಮರ ನೋಡೋಕೆ ಹೋಗ್ತಿದ್ವಿ ಅನ್ಕೊಂಡ್ರಾ?" ಎಂದು ಆ ಹುಡುಗಿ ನಕ್ಕಳು. ಅದೂ ನಿಜವೇ. ಆಮೇಲೆ ಸಂಗೀತದ ಮೇಷ್ಟರು. ಮರದ ಕೆಳಗೆ ಸಾಧನೆ ಮಾಡುತ್ತಿದ್ದರು. ಒಮ್ಮೆ ಹಾಡಿ ತೋರಿಸಿ ಎಂದೆ. ತೋರಿಸಿದರು. ಆ ಹಾಡಿಗೆ ಮರ ಈ ಕಡೆ ಬರುವುದಿರಲಿ, ಇನ್ನೊಂದು ಊರಿಗೆ ಹೋಗುತ್ತಿತ್ತು. ಹೀಗೆ ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ. ಎಲ್ಲರಿಗೂ ನನ್ನ ಮೇಲೆ ಮುನಿಸು. ಇತ್ತ ನಾನು ಬೈಯುವುದನ್ನು ಹೆಚ್ಚು ಮಾಡಿದೆ. ಬೈದರೆ ನಿಲ್ಲುತ್ತದೆ ತಾನೇ? "ಎಲ್ಲಿಗೋ ಹೊರಟಿದ್ದೀಯ, ಮಾನಗೆಟ್ಟೋನೆ! ಇಷ್ಟ್ ವರ್ಷ ಗುಡಿಸಿದ್ದಕ್ಕೆ ಇದೇನೋ ಮರ್ಯಾದೆ?" ಎಂದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬೈದೆ. ಮರ ಇನ್ನೂ ಬೇಗ ಬೇಗ ಬಂತು.

ಅದು ಬೇಲಿಗೆ ಹತ್ತಿರ ಬಂದಾಗ ಚೆನ್ನವೀರಯ್ಯನವರು ಪುರಸಭೆಯ ಇಂಜಿನಿಯರ್ ಫಣಿರಾಜನನ್ನು ಕರೆದುಕೊಂಡು ಬಂದರು. ಹುಡುಗ ಒಳ್ಳೆಯವನು. ಅಳತೆಗೆ ಮುಂಚೆಯೇ ಮರ ಯಾರ ಮನೆಗೆ ಹೊರಟಿದೆ ಎಂದು ಗೊತ್ತಾದರೆ ಅವರನ್ನಾದರೂ ತಡೆಯಬಹುದು ಎಂದು, ಮರ ಮೊದಲಿದ್ದ ಗುಂಡಿಯಿಂದ ಈಗಿರುವ ಬುಡದ ತನಕ ದಾರ ಹಿಡಿದು ಅದನ್ನೇ ನೇರವಾಗಿ ಎಳೆದುಕೊಂಡು ಹೊರಟ. ಊರೆಲ್ಲ ದಾರದ ಹಿಂದೆ. ದಾರ ಗೇಟು ದಾಟಿತು. ಮೂಲೆಮನೆಯ ಜೋಡಿಯನ್ನು ಬಿಟ್ಟಿತು. ಸಂಗೀತದ ಮೇಷ್ಟರ ಮನೆಯನ್ನು ಬಿಟ್ಟಿತು. ರಸ್ತೆ ದಾಟಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿ, ಒಳಗೆ ಬಂದು ನನ್ನ ಮೆಷಿನ್ನಿಗೆ ತಗುಲಿ ನಿಂತಿತು. ಕಾಜ ಹೊಲಿಯುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿ ನೋಡಿ, ಸೂಜಿಗೆ ದಾರ ಪೋಣಿಸುವುದಕ್ಕೆ ತೊಡಗಿದರು.

"ಸುಗುಣಮ್ಮೋರೇ, ನೀವಾ?" ಎಂದರು ಚೆನ್ನವೀರಯ್ಯನವರು, ತಾವೇ ತಪ್ಪು ಮಾಡಿದ ಹಾಗೆ ಸಣ್ಣ ದನಿಯಲ್ಲಿ.

"ನಾನಾ? ಬೈದಿದ್ದು ಬಿಟ್ರೆ ನಾನೇನೂ ಮಾಡಿಲ್ಲ ಕಣ್ರೀ!" ಎಂದು ಕಿರುಚಿದೆ.

ಕಿರುಚಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಗುಂಪಿನ ಹಿಂದೆ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಪಂಕಜಾಕ್ಷಮ್ಮ ನಿಂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಆಗ ಗಿಡಗಳ್ಳಿ ಎಂದು ಕೂಗಿ ಬಡ್ಡಿಸಮೇತ ತೀರಿಸಿಕೊಳ್ಳುತ್ತಿದ್ದರು. ಅವರು ಏನೂ ಅನ್ನಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಗಿರಣಿಗೆ ಹೊರಟುಹೋದರು. ಅಂದಿದ್ದರೆ ಚೆನ್ನಾಗಿತ್ತು, ನಾನು ಜಗಳಕ್ಕೆ ನಿಂತು ನಾಚಿಕೆಯನ್ನು ಮರೆಯುತ್ತಿದ್ದೆ.

ಎಲ್ಲರೂ ಹೋದ ಮೇಲೆ ಯಜಮಾನರನ್ನು ಕೇಳಿದೆ, "ಅಲ್ರೀ, ಅಷ್ಟ್ ಬೈದ್ರೂ ಅದು ನನ್ನ ಹಿಂದೆ ಯಾಕ್ ಬರುತ್ತೆ?" ಅವರು ಹಲ್ಲಲ್ಲಿ ದಾರ ಕಡಿದು, "ನಾನ್ ಎಲ್ಲಾದ್ರೂ ಹೋಗಿದ್ದೀನಾ?" ಎಂದರು. ಆ ಮನುಷ್ಯ ಆ ವರ್ಷ ಆಡಿದ ಮಾತುಗಳಲ್ಲಿ ಅದೇ ದೊಡ್ಡದು. ಆಮೇಲೆ ಕೂತು ಯೋಚಿಸಿದೆ. ಮಲ್ಲಿಗೆಗೆ ನಾನು ನೀರು ಹಾಕಿ ಓಡುತ್ತಿದ್ದೆ, ಒಂದು ದಿನವೂ ನಿಂತು ಮಾತಾಡಲಿಲ್ಲ. ಗೋಡೆಯಾಚೆ ಪಂಕಜಾಕ್ಷಮ್ಮ ಸೀರೆ ಒಣಹಾಕುತ್ತಾ ಹೊತ್ತುಗಟ್ಟಲೆ ನಿಂತು ಅದಕ್ಕೆ ಬೈಯುತ್ತಿದ್ದರು. ಪಾಪ, ಅವತ್ತು ಆಕೆ ಹೇಳಿದ್ದು ನಿಜವೇ.

ನಾನು ಪಾರ್ಕಿಗೆ ಕಾಲಿಡಬಾರದೆಂದು ಬಳಗ ಹೇಳಿತು. ಕಾರ್ಯದರ್ಶಿಗೇ! ಗುಡಿಸುವುದಕ್ಕೆ ಯಾರು ಬರುತ್ತೀರಿ ಎಂದರೆ ಮತ್ತೆ ಎಲ್ಲರ ಸೊಂಟ ಹಿಡಿದುಕೊಂಡಿತು. ಕೊನೆಗೆ ಬಂದವರು ಪಂಕಜಾಕ್ಷಮ್ಮ. ಸುಮ್ಮನೆ ಗುಡಿಸಿ ಹೋಗಿ ಎಂದು ಚೆನ್ನವೀರಯ್ಯನವರು ಕೈಮುಗಿದು ಹೇಳಿದ್ದರಂತೆ. ಆ ಬಾಯಿ ಸುಮ್ಮನಿರುತ್ತದೆಯೇ? ನಾನು ಅಂಗಡಿಯಲ್ಲಿ ಕೂತು ಕೇಳುತ್ತಿದ್ದೆ. "ಏನೋ ಮರ, ಕಣ್ಣಿಗೆ ಕಾಣಲ್ವಾ? ಈಗ್ ಗುಡಿಸಿದ್ದೀನಿ, ಈಗ್ಲೇ ಸುರೀತೀಯ?" ಒಂದು ಅಚ್ಚುಕಟ್ಟಿಲ್ಲ, ತಲೆಬುಡವಿಲ್ಲ, ಬರೀ ಗಂಟಲು. ಹಾಗೇನು ಬೈಯುವುದು! ಕೈಯಲ್ಲಿದ್ದ ಬ್ಲೌಸಿಗೆ ಎರಡು ತೋಳನ್ನೂ ಒಂದೇ ಕಡೆ ಹೊಲಿದುಬಿಟ್ಟೆ.

ಮರ ಹಿಂದಕ್ಕೆ ಹೋಗತೊಡಗಿತು. ಊರಿಗೆಲ್ಲ ಸಂತೋಷ. ಬೆಂಚಿಗೆ ಮತ್ತೆ ನೆರಳು ಬಂತೆಂದು ಚೆನ್ನವೀರಯ್ಯನವರು ಮೈಸೂರುಪಾಕು ಹಂಚಿದರು. ನನಗೂ ಒಂದು ತಂದುಕೊಟ್ಟರು. ತಿನ್ನಲಾಗಲಿಲ್ಲ. ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಅಷ್ಟು ವರ್ಷದ ಸಂಬಂಧ ಅಷ್ಟು ಬೇಗ ಮರೆತುಹೋಗುತ್ತದೆಯೇ? ಮಲ್ಲಿಗೆ ಹೋದದ್ದೂ ಆ ಕಡೆಗೇ, ಈಗ ಇದು ಹೊರಟದ್ದೂ ಆ ಕಡೆಗೇ. ಮೈಸೂರುಪಾಕನ್ನು ಯಜಮಾನರು ತಿಂದರು.

ಆದರೆ ಮರ ನಡುವೆ ನಿಲ್ಲಲಿಲ್ಲ. ಬೆಂಚು ದಾಟಿತು, ಗುಂಡಿ ದಾಟಿತು, ಪಡುವಣ ಬೇಲಿಯ ಕಡೆಗೆ, ಗಿರಣಿಯ ದಿಕ್ಕಿಗೆ ಹೊರಟೇಬಿಟ್ಟಿತು. ಯುಗಾದಿ ಎದುರಿಗೇ ಇತ್ತು. ಚೆನ್ನವೀರಯ್ಯನವರು ಓಡಿಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟರು.

"ಅಮ್ಮ, ಎಣ್ಣೆಗಾಣದ ಬೀದಿ ತೆಂಗಿನ ಮರ ನೆನಪಿದೆಯಾ?" ಎಂದರು. "ನೀವು ಈ ಕಡೆಯಿಂದ, ಅವರು ಆ ಕಡೆಯಿಂದ. ದಿನಾ ಇಬ್ಬರೂ ಒಟ್ಟಿಗೇ ಬೈದ್ರೆ..."

"ಆ ಯಮ್ಮನ ಜೊತೇನಾ? ನಾನ್ ಸತ್ರೂ ಇಲ್ಲ."

"ನೀವ್ ಸಾಯೋದ್ ಬೇಡಮ್ಮ, ಪಾರ್ಕು ಸಾಯುತ್ತೆ" ಎಂದರು. ಇರುವೆಗೂ ಜೋರು ಮಾಡದ ಮನುಷ್ಯನ ಕಣ್ಣಲ್ಲಿ ನೀರಿತ್ತು.

ಮಾರನೆಯ ಬೆಳಗ್ಗೆ ಪೊರಕೆ ತೆಗೆದುಕೊಂಡು ಹೋದೆ. ಪಂಕಜಾಕ್ಷಮ್ಮ ಆಗಲೇ ಮರದ ಆ ಬದಿಯಲ್ಲಿದ್ದರು. ನಾನು ಈ ಬದಿಯಲ್ಲಿ ನಿಂತೆ. ಕಾಂಡ ದಪ್ಪ, ಒಬ್ಬರಿಗೊಬ್ಬರು ಕಾಣದಿರುವುದಕ್ಕೆ ಅನುಕೂಲವಾಗಿತ್ತು. ಅವರು ಬೈದರು, ನಾನು ಬೈದೆ. ನನಗಿಂತ ಅವರ ದನಿ ಮೇಲಾದರೆ ನಾನು ಇನ್ನೂ ಏರಿಸಿದೆ. ಬೇಲಿಯಾಚೆ ಜನ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಮನೆಗೆ ಹೋಗುವುದನ್ನೂ ಮರೆತು ನಿಂತಿದ್ದರು. ಮರದ ಓಟ ನಿಧಾನವಾಯಿತು. ಮರುದಿನ ನಿಂತಿತು. ಆಮೇಲೆ ಮೆಲ್ಲಗೆ ನಡುವಿನ ಕಡೆಗೆ ತಿರುಗಿತು.

ದಿನಾ ಎಷ್ಟೆಂದು ಮರಕ್ಕೇ ಬೈಯುವುದು? ಬೈಗುಳಗಳೆಲ್ಲ ಮುಗಿದವು. ಒಂದು ದಿನ ಆ ಬದಿಯಿಂದ ಬಂತು: "ಕೇಳೋ ಮರ, ಕೆಲವರು ಕಾಲಿಗೆ ಚಪ್ಪಲಿ ಇಲ್ದೆ ಬರ್ತಾರೆ, ಒಣಕಡ್ಡಿ ಚುಚ್ಚಿದ್ರೆ ನನ್ನ ಕೇಳ್ಬೇಡಿ ಅಂತ ಹೇಳು." ನಾನು ಸುಮ್ಮನಿರುತ್ತೇನೆಯೇ? "ಮರವೇ, ಕೆಲವರು ಹಿಟ್ಟಿನ ಧೂಳು ಕುಡ್ದು ಕೆಮ್ತಾರೆ, ಬಿಸಿನೀರು ಕುಡೀರಿ ಅಂತ ಹೇಳು" ಎಂದೆ. ಹೀಗೆ ಮರದ ಮೂಲಕ ಊರ ಸುದ್ದಿ, ಕಾಲುನೋವು, ಕರೆಂಟು ಹೋದದ್ದು ಎಲ್ಲ ಆಯಿತು. ಹೇಳಬೇಕಾದದ್ದನ್ನು ಮಾತ್ರ ದಿನಾ ನಾಳೆಗೆ ಮುಂದೂಡುತ್ತಿದ್ದೆ.

ಅಳತೆಯ ಹಿಂದಿನ ದಿನ ಗಟ್ಟಿಮನಸ್ಸು ಮಾಡಿದೆ. ಕಾಂಡಕ್ಕೆ ಪೊರಕೆಯಲ್ಲಿ ಒಂದು ಬಾರಿಸಿ, "ನೋಡೋ ಮರ, ಅವತ್ತು ಪಂಕಜಾಕ್ಷಮ್ಮೋರು ಬೈದಿದ್ದು ಬಿಟ್ರೆ ಏನೂ ಮಾಡಿಲ್ಲ ಅಂದ್ರು. ನಿಜಾನೇ ಹೇಳಿದ್ರು. ನಾಲ್ಕ್ ಜನರ ಮುಂದೆ ಗಿಡಗಳ್ಳಿ ಅಂದ್ಬಿಟ್ಟೆ. ನಾಲಿಗೆಗೆ ಮೂಳೆ ಇರ್ಲಿಲ್ಲ ನಂಗೆ. ತಪ್ಪಾಯ್ತು ಅಂತ ಹೇಳು" ಎಂದೆ. ಜೋರಾಗಿಯೇ ಹೇಳಿದೆ, ಬೇಲಿಯಾಚೆಯವರಿಗೂ ಕೇಳಲಿ ಎಂದು. ಅವತ್ತು ಬೈದದ್ದೂ ಎಲ್ಲರ ಮುಂದೆಯೇ ತಾನೇ.

ಆ ಬದಿಯಲ್ಲಿ ಪೊರಕೆಯ ಸದ್ದು ನಿಂತಿತು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಆ ಮಲ್ಲಿಗೆ ಮೊಗ್ಗು ಮುಡಿಯೋಕೂ ಮನಸ್ಸು ಬರ್ಲಿಲ್ಲ ಅಂತ ಹೇಳು. ಅವರ ತವರಿಂದು. ಇಷ್ಟ್ ವರ್ಷ ದೇವರಿಗೇ ಇಟ್ಟೆ."

ಮಾರನೆಯ ದಿನ ಫಣಿರಾಜ ಟೇಪು ಹಿಡಿದು ಆ ಕಡೆಯಿಂದ ಅಳೆದ, ಈ ಕಡೆಯಿಂದ ಅಳೆದ. ಹೊಂಗೆ ನಟ್ಟನಡುವೆ ಇತ್ತು. "ಪಾರ್ಕು ಪಾರ್ಕೇ" ಎಂದು ಹೇಳಿ ಟೇಪು ಸುತ್ತಿಕೊಂಡು ಹೋದ. ನನ್ನ ಬದಿಯ ಬೇರಿನ ಮೇಲೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆಯಿತ್ತು. ಮುಡಿದುಕೊಂಡು, "ಹೂವೆಲ್ಲ ಸಣ್ಣ ಆಗೋಗಿದೆ ಅಲ್ರೀ! ಆ ಮಲ್ಲಿಗೆಗೆ ನಾನು ಚೆನ್ನಾಗಿ ಬೈದೆ ಅಂತ ಹೇಳಿ" ಎಂದೆ. ಮರಕ್ಕಲ್ಲ, ಅವರಿಗೇ ಹೇಳಿದೆ.

"ಹೇಳ್ತೀನಿ" ಎಂದರು. ಹೇಳಿಯೂ ಹೇಳಿದರು, ದಿನಾ, ನನ್ನ ಹೆಸರು ಹಿಡಿದು.

ಈಗ ಚೆನ್ನವೀರಯ್ಯನವರಿಗೆ ಬೇರೆ ಚಿಂತೆ ಹತ್ತಿಕೊಂಡಿದೆ. ನಾವಿಬ್ಬರೂ ಬೆಂಚಿನ ಮೇಲೆ ಕೂತು ಮಾತಿಗೆ ಶುರುವಾದರೆ ಮರವನ್ನು ಬೈಯುವುದೇ ಮರೆತುಹೋಗುತ್ತದೆ. ದೂರದಿಂದಲೇ ಕೈಮುಗಿದು, "ಅಮ್ಮಂದಿರಾ, ದಯವಿಟ್ಟು ಸ್ವಲ್ಪ ಬೈರಿ" ಎಂದು ನೆನಪು ಮಾಡುತ್ತಾರೆ. ಮೊನ್ನೆ ಬೆಳಗ್ಗೆ ಅದಕ್ಕೇ ಬೇಗ ಹೋದೆ. ಪಂಕಜಾಕ್ಷಮ್ಮ ಮೊದಲೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗಿರಣಿಯ ಕಡೆಯಿಂದ ಮೆತ್ತನೆ ಮಣ್ಣಿನ ಸಾಲು ಪಾರ್ಕಿನ ಒಳಗೆ ಬಂದಿತ್ತು. ನಮ್ಮ ಮಲ್ಲಿಗೆ ಹೊಂಗೆಯ ಬುಡದಲ್ಲಿ ನಿಂತು, ಒಂದು ಬಳ್ಳಿಯನ್ನು ಕಾಂಡಕ್ಕೆ ಸುತ್ತಿಕೊಂಡು, ಮೈತುಂಬ ಮೊಗ್ಗು ಬಿಟ್ಟಿತ್ತು. ನಮ್ಮ ಮನೆಯ ಕಡೆಗೂ ಹೋಗಿರಲಿಲ್ಲ, ಅವರ ಮನೆಯಲ್ಲೂ ಉಳಿದಿರಲಿಲ್ಲ.

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರೂ ಕಣ್ಣೊರೆಸಿಕೊಂಡು, ಪೊರಕೆ ಪಕ್ಕಕ್ಕಿಟ್ಟು, ಅದಕ್ಕೆ ಹೊಟ್ಟೆ ತುಂಬ ಬೈದೆವು.